ಗಂಧ ಆರದ ಜಾಗ

‘ಏನೋ ಒಂಥರಾ ಇದೆ ಕಣೇ.’

ಗೋಡೆಗೆ ಪಿನ್ನು ಚುಚ್ಚಿ ನಿಲ್ಲಿಸಿದ ಪೋಸ್ಟರಿನ ಮುಂದೆ ಸಹಪಾಠಿಯೊಬ್ಬಳು ತಲೆ ಓರೆ ಮಾಡಿ ಆಡುವ ಈ ಮಾತಿಗೆ ಡಿಸೈನ್ ಕಾಲೇಜುಗಳಲ್ಲಿ ಮರ್ಯಾದೆ ಕಡಿಮೆ. ಒಂಥರಾ ಅಂದರೆ ಯಾವ ಥರ, ಸರಿಯಾಗಿ ಹೇಳು ಎಂದು ಮೇಷ್ಟರು ಗದರುತ್ತಾರೆ. ಟೀಕೆಗೆ ಕಾರಣ ಬೇಕು, ಕಾರಣಕ್ಕೆ ಪರಿಭಾಷೆ ಬೇಕು, ಆ ಪರಿಭಾಷೆ ಇಂಗ್ಲಿಷಿನಲ್ಲಿದ್ದರೆ ಇನ್ನೂ ಒಳ್ಳೆಯದು. ಹೀಗೆ ತಾಲೀಮಾಗಿ ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಎಲ್ಲರೂ ‘ಹೈರಾರ್ಕಿ ವರ್ಕ್ ಆಗ್ತಿಲ್ಲ’ ಎನ್ನಲು ಕಲಿತಿರುತ್ತಾರೆ. ಪುಟ ಕಟ್ಟುವ ಕಸುಬಿನಲ್ಲಿ ಬಹುಕಾಲ ಕಳೆದ ನನಗೆ ಮಾತ್ರ ಆ ‘ಒಂಥರಾ’ದ ಮೇಲೇ ನಂಬಿಕೆ ಹೆಚ್ಚು. ಕಣ್ಣು ಎಲ್ಲೋ ತಡವರಿಸಿತು, ಯಾಕೆಂದು ಗೊತ್ತಿಲ್ಲ ಎಂದು ಅದು ಒಪ್ಪಿಕೊಳ್ಳುತ್ತದೆ. ಪರಿಭಾಷೆ ಕಲಿತ ಮಾತು ಅಷ್ಟಕ್ಕೆ ನಿಲ್ಲುವುದಿಲ್ಲ, ತಿದ್ದುವುದು ಹೇಗೆಂದೂ ಹೇಳಿಬಿಡುತ್ತದೆ. ಜೊತೆಯವರ ಟೀಕೆ ತೊಂದರೆ ಇರುವ ಜಾಗವನ್ನು ಬಹುಪಾಲು ಸರಿಯಾಗಿಯೇ ಮುಟ್ಟುತ್ತದೆ; ಎಡವುವುದು ಪರಿಹಾರ ಸೂಚಿಸುವಾಗ.

ಬರೀ ಮಾತಿನಲ್ಲಿ ಇದನ್ನು ಹೇಳಿ ಪ್ರಯೋಜನವಿಲ್ಲ. ಒಂದು ಪ್ರಾಜೆಕ್ಟನ್ನೇ ಕಲ್ಪಿಸಿಕೊಳ್ಳೋಣ.

ಧರ್ಮಪುರಿಯಿಂದ ಸೇಲಂ ಕಡೆಗೆ ಹೊರಟರೆ ಏಳೆಂಟು ಕಿಲೋಮೀಟರಿಗೆ ಅದಿಯಮಾನ್‌ಕೋಟೆ. ಸಂಗಂ ಕಾಲದಲ್ಲಿ ತಗಡೂರನ್ನು, ಅಂದರೆ ಇಂದಿನ ಧರ್ಮಪುರಿಯನ್ನು, ಆಳಿದ ಅದಿಯಮಾನ್ ನೆಡುಮಾನ್ ಅಂಜಿಯ ಹೆಸರು ಹೊತ್ತ ಊರು. ಆಯಸ್ಸು ಕೊಡುವ ನೆಲ್ಲಿಕಾಯಿ ಸಿಕ್ಕಾಗ ತಾನು ತಿನ್ನದೆ ಕವಯಿತ್ರಿ ಔವೈಯಾರ್‌ಗೆ ಕೊಟ್ಟನೆಂಬ ಕಥೆಯ ದೊರೆ ಅವನು. ಊರಿನ ಕಾಲಭೈರವನ ಗುಡಿಯಲ್ಲಿ ಕೃಷ್ಣಪಕ್ಷದ ಅಷ್ಟಮಿಗೆ ಬೂದುಗುಂಬಳದಲ್ಲಿ ದೀಪ ಹಚ್ಚಲು ಜನ ಸೇರುತ್ತಾರೆ. ಇನ್ನೊಂದು ಚೆನ್ನರಾಯ ಪೆರುಮಾಳ್ ಗುಡಿ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದರ ಮಂಟಪದ ಒಳಚಾವಣಿಯ ಮೇಲೆ ರಾಮಾಯಣ, ಮಹಾಭಾರತದ ವರ್ಣಚಿತ್ರಗಳಿವೆ. ಕತ್ತು ನೋಯುವವರೆಗೂ ಮೇಲೆ ನೋಡುತ್ತ ನಿಲ್ಲಬಹುದಾದ ಚಿತ್ರಗಳು. ಹೆದ್ದಾರಿಯಲ್ಲಿ ಹೋಗುವ ಬಹಳಷ್ಟು ಕಾರುಗಳಿಗೆ ಅವು ಅಲ್ಲಿರುವ ಸುದ್ದಿಯೇ ತಿಳಿಯದು.

ಈ ಊರಿನ ಕನ್ನಡ ಮಾತಾಡುವ ಮನೆಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದಾಳೆ ಎಂದುಕೊಳ್ಳಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲೂ ತಮಿಳು. 2006ರ ಕಾಯ್ದೆಯ ನಂತರ ತಮಿಳುನಾಡಿನ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತಲ್ಲ, ಆಮೇಲೆ ಬೆಳೆದ ಪೀಳಿಗೆ ಅವಳದು. ಕನ್ನಡವನ್ನು ನಿರರ್ಗಳವಾಗಿ ಆಡುತ್ತಾಳೆ, ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ತನ್ನೂರಿನ ಗುಡಿಗಳಿಗೆ ಬರುವವರಿಗಾಗಿ ತಮಿಳು, ಕನ್ನಡ ಎರಡರಲ್ಲೂ ದಾರಿಫಲಕ, ಒಂದು ಪೋಸ್ಟರು, ಮಡಚಿ ಜೇಬಿಗಿಡುವಂಥ ಒಂದು ಕೈಪತ್ರ, ಇದು ಅವಳ ಪ್ರಾಜೆಕ್ಟು. ಕನ್ನಡದ ಶೀರ್ಷಿಕೆಗೆ ಕಂಪ್ಯೂಟರಿನಲ್ಲಿದ್ದ ಅಕ್ಷರವನ್ನು ಎತ್ತಿಕೊಂಡಿಲ್ಲ. ಧರ್ಮಪುರಿಯಲ್ಲಿ 9ನೇ ಶತಮಾನದ ನೊಳಂಬರ ಕನ್ನಡ ಶಾಸನಗಳು ಸಿಕ್ಕಿವೆ. ಮಹೇಂದ್ರ ನೊಳಂಬನ ಕಾಲದ, 893ರ ಶಾಸನವೊಂದು ತಗಡೂರಿನ ಜೈನ ಬಸದಿಗೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಅದರ ಪಡಿಯಚ್ಚನ್ನು ಮುಂದಿಟ್ಟುಕೊಂಡು ಅಕ್ಷರಗಳನ್ನು ಕೈಯಲ್ಲೇ ಬರೆದಿದ್ದಾಳೆ. ಇಷ್ಟು ಶ್ರದ್ಧೆಯ ಕೆಲಸಕ್ಕೆ ಚಪ್ಪಾಳೆ ಬೀಳುತ್ತದೆ ಎಂದೇ ಅವಳ ಎಣಿಕೆ.

ಕ್ಲಾಸಿನಲ್ಲಿ ಹಾವೇರಿ ಕಡೆಯ ಹುಡುಗ ಮೊದಲು ಬಾಯಿಬಿಡುತ್ತಾನೆ. ‘ಹ್ಯಾಂಗ ಓದೂದ ಇದನ್ನ? ನುಡಿನೋ ತುಂಗಾನೋ ಯಾವ್ದಾರ ಫಾಂಟ್ ಹಾಕಿಬಿಡು.’ ಕೊಚ್ಚಿಯವಳಿಗೆ ಕನ್ನಡವೂ ಬಾರದು, ತಮಿಳೂ ಬಾರದು. ಕೈಪತ್ರದ ಕನ್ನಡ ಭಾಗ ಕಪ್ಪಗೆ ಗಂಟು ಕಟ್ಟಿದಂತೆ ಕಾಣುತ್ತದೆ, ಅಕ್ಷರ ಚಿಕ್ಕದು ಮಾಡು ಎನ್ನುತ್ತಾಳೆ. ಚೆನ್ನೈ ಹುಡುಗನಿಗೆ ತಮಿಳು ಇಲ್ಲಿ ನೆಂಟನಂತೆ ಮೂಲೆಯಲ್ಲಿ ಕೂತಿದೆ ಎಂಬ ಕೊರಗು. ಬೆಂಗಳೂರಿನ ಆಪ್ತ ಗೆಳೆಯ ‘ಸೂಪರ್ ಮಗಾ, ಬಣ್ಣ ಮಾತ್ರ ನೀಲಿ ಮಾಡು’ ಎಂದು ಫೋನಿನತ್ತ ಮರಳುತ್ತಾನೆ.

ಅವಳ ಬಾಯಿಂದ ಬರುವ ಮೊದಲ ಮಾತು ಏನಿರುತ್ತದೆಂದು ಯಾವ ಮೇಷ್ಟರಾದರೂ ಊಹಿಸಬಲ್ಲರು: ‘ಇದು ನೊಳಂಬರ ಶಾಸನದಿಂದ ಬಂದಿದ್ದು.’

ಈ ಉತ್ತರದಲ್ಲಿ ಸುಳ್ಳಿಲ್ಲ, ಆದರೆ ಕೇಳಿದ ಪ್ರಶ್ನೆಗೆ ಇದು ಉತ್ತರವಲ್ಲ. ಓದಲಾಗುತ್ತಿಲ್ಲ ಎಂದವನಿಗೆ ಎಲ್ಲಿಂದ ತಂದೆ ಎಂದು ಹೇಳಿದರೆ ಓದು ಸುಲಭವಾಗುವುದಿಲ್ಲ. ಡಿಸೈನ್ ಶಾಲೆಗಳು ‘ಕಾನ್ಸೆಪ್ಟ್’ ಎಂಬುದಕ್ಕೆ ಕೊಟ್ಟಿರುವ ಅತಿಯಾದ ಮರ್ಯಾದೆ ವಿದ್ಯಾರ್ಥಿಗಳಿಗೆ ಇಂಥ ಒಂದು ಗುರಾಣಿಯನ್ನು ಕೈಗೆ ಕೊಟ್ಟಿದೆ. ಕ್ಲಾಸಿನಲ್ಲಿ ಪೋಸ್ಟರಿನ ಪಕ್ಕ ನಿಂತು ಅವಳು ವಿವರಿಸಬಹುದು. ಅದಿಯಮಾನ್‌ಕೋಟೆಯ ಬಸ್‌ಸ್ಟಾಪಿನಲ್ಲಿ ಆ ಪೋಸ್ಟರಿನ ಪಕ್ಕ ನಿಲ್ಲುವವರು ಯಾರು?

ಹಾಗೆಂದು ಹಾವೇರಿಯವನ ಸಲಹೆಯಂತೆ ತುಂಗಾ ಹಾಕಿದರೆ? ಐಐಟಿ ಬಾಂಬೆಯಲ್ಲಿ ಅಕ್ಷರವಿನ್ಯಾಸ ಕಲಿಸಿದ ಆರ್.ಕೆ. ಜೋಶಿ ಅವರ ಮುಂದಾಳತ್ವದಲ್ಲಿ ರೂಪುಗೊಂಡು ವಿಂಡೋಸ್ ಜೊತೆ ಮನೆಮನೆಗೆ ಬಂದ ಅಕ್ಷರ ಅದು; ಪರದೆಯ ಮೇಲೆ ಕಾಗದಪತ್ರ ಓದಲು ಮಾಡಿದ್ದು. ಗುಡಿಯ ಪೋಸ್ಟರಿನ ತಲೆಬರಹಕ್ಕೆ ಅದನ್ನು ಹಾಕಿದರೆ ತಾಲ್ಲೂಕು ಕಚೇರಿಯ ಸುತ್ತೋಲೆಯಂತೆ ಕಾಣುತ್ತದೆ. ಹುಡುಗ ತೋರಿಸಿದ ತೊಂದರೆ ನಿಜ, ಹೇಳಿದ ಪರಿಹಾರ ತಪ್ಪು. ಆ ಎರಡರ ನಡುವಿನ ಜಾಗದಲ್ಲಿ ಅವಳ ಕೆಲಸ ಶುರುವಾಗುತ್ತದೆ. 9ನೇ ಶತಮಾನದ ಅಕ್ಷರದ ಕಟ್ಟೇ ಬೇರೆ. ಇಂದಿನ ಓದುಗ ಅಕ್ಷರವನ್ನು ಗುರುತಿಸಲು ಬಳಸುವ ಎಷ್ಟೋ ತಿರುವುಗಳು, ಇಂದಿನ ತಲೆಕಟ್ಟಿನ ಆಕಾರ ಆಗಿನ್ನೂ ಹೀಗೆ ನೆಲೆಗೊಂಡಿರಲಿಲ್ಲ. ಅವಳು ಶಾಸನದಿಂದ ಅಕ್ಷರದ ಕಟ್ಟನ್ನೇ ತಂದಿದ್ದಾಳೆ. ತರಬೇಕಾದದ್ದು ಉಳಿಯ ನಡೆಯನ್ನು: ಗೆರೆ ಎಲ್ಲಿ ದಪ್ಪವಾಗುತ್ತದೆ, ಬಾಗು ಎಲ್ಲಿ ಚೂಪಾಗಿ ಮುಗಿಯುತ್ತದೆ, ಅಕ್ಷರ ಅಕ್ಷರದ ನಡುವೆ ಕಲ್ಲು ಎಷ್ಟು ಉಸಿರಾಡುತ್ತದೆ ಎಂಬುದನ್ನು. ಕಟ್ಟು ಇಂದಿನದಿದ್ದು ನಡೆ ಶಾಸನದ್ದಾಗಿದ್ದರೆ ಹಾವೇರಿಯವನೂ ಓದುತ್ತಾನೆ, ನೊಳಂಬರೂ ಉಳಿಯುತ್ತಾರೆ.

ಅವನು ಇನ್ನೊಂದನ್ನೂ ಹಿಡಿದಿದ್ದ, ಹಿಡಿದಿದ್ದೇನೆಂದು ಅವನಿಗೇ ತಿಳಿಯದೆ. ಊರಿನ ಹೆಸರು ಓದುವಾಗ ನಡುವೆ ಮುಗ್ಗರಿಸಿದ್ದ. ಕೈಪತ್ರದ ಒಳಪುಟದಲ್ಲಿ, ಟೈಪಿಸಿದ ಭಾಗದಲ್ಲಿ, ಅದು ‘ಅದಿಯಮಾನ್ಕೋಟೆ’ ಎಂದಿತ್ತು. ನಕಾರಕ್ಕೆ ಅರ್ಧ ಕೊಟ್ಟು ಕಕಾರ ಒತ್ತಿದೊಡನೆ ಯೂನಿಕೋಡ್ ತನ್ನ ನಿಯಮದಂತೆ ಕಕಾರವನ್ನು ಕೆಳಗೆ ತಳ್ಳಿ ಒತ್ತಕ್ಷರ ಮಾಡುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ, ಝೀರೋ ವಿಡ್ತ್ ನಾನ್ ಜಾಯ್ನರ್, ಸೇರಿಸಿದರೆ ಮಾತ್ರ ‘ಅದಿಯಮಾನ್‌ಕೋಟೆ’ ಎಂದು ಬಿಡಿಯಾಗಿ ನಿಲ್ಲುತ್ತದೆ. ತಮಿಳಿನಲ್ಲಿ ಈ ರಗಳೆಯಿಲ್ಲ. ನಕಾರದ ತಲೆಯ ಮೇಲೊಂದು ಪುಳ್ಳಿ ಇಟ್ಟರೆ ಮುಗಿಯಿತು. ತಮಿಳಿನಲ್ಲೇ ಬರೆದು ಬೆಳೆದ ಕೈಗೆ ಕನ್ನಡ ಹೀಗೆ ಮಾಡೀತೆಂಬ ಅನುಮಾನವೇ ಬಂದಿರಲಿಲ್ಲ. ಸ್ವಂತ ಊರಿನ ಹೆಸರು ಮುರಿದು ನಿಂತಿದ್ದನ್ನು ಅವಳಿಗೆ ತೋರಿಸಿಕೊಟ್ಟದ್ದು ಆ ಊರನ್ನು ಕಾಣದವನ ಒಂದು ಕ್ಷಣದ ತೊದಲು. ಬಾಯಲ್ಲಿ ಹೇಳಿದ ಟೀಕೆಗಿಂತ ಓದುವಾಗ ಆಗುವ ಇಂಥ ತಡೆ ಎಷ್ಟೋ ಪಾಲು ಮೇಲು. ಬರೆದುಕೊಳ್ಳಬೇಕಾದ್ದು ಇದನ್ನೇ, ಆದರೆ ಉತ್ತರ ಹುಡುಕುವ ಗಡಿಬಿಡಿಯಲ್ಲಿರುವವರಿಗೆ ಇದು ಕೇಳಿಸುವುದೇ ಇಲ್ಲ.

ಕೊಚ್ಚಿಯವಳ ವಿಷಯ ಇನ್ನೂ ಸ್ವಾರಸ್ಯದ್ದು. ಭಾಷೆ ಬಾರದವಳು ಕನ್ನಡ ಪುಟದ ಬಗ್ಗೆ ಏನು ಹೇಳಿಯಾಳು ಎಂದು ಯಾರಿಗಾದರೂ ಅನ್ನಿಸಬಹುದು. ಓದು ಬಲ್ಲವರಿಗೆ ಅಕ್ಷರದ ಆಕಾರ ಕಾಣುವುದೇ ಇಲ್ಲ, ನೇರವಾಗಿ ಅರ್ಥ ಕಾಣುತ್ತದೆ. ಬಾರದವರಿಗೆ ಮಾತ್ರ ಪುಟ ಪುಟವಾಗಿ, ಕಪ್ಪು ಬಿಳುಪಿನ ಹಂಚಿಕೆಯಾಗಿ ಕಾಣುತ್ತದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ‘ರಾಷ್ಟ್ರ’ದಂಥ ಶಬ್ದದಲ್ಲಿ ಒಂದರ ಕೆಳಗೊಂದು. ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಗುಡಿಸು ಮತ್ತು ತಲೆಕಟ್ಟು ಒಂದಕ್ಕೊಂದು ತಗುಲಿದರೆ ಅಲ್ಲಿ ಮಸಿ ಹೆಪ್ಪುಗಟ್ಟುತ್ತದೆ. ಇಂಗ್ಲಿಷಿಗೆಂದು ಸಾಫ್ಟ್‌ವೇರು ತಾನಾಗಿಯೇ ಕೊಡುವ ಸಾಲಿನಂತರ ಕನ್ನಡಕ್ಕೆ ಸಾಲದು. ತಮಿಳಿಗೆ ಹೇಗೋ ಸಾಲುತ್ತದೆ. ಅವಳು ಎರಡಕ್ಕೂ ಒಂದೇ ಅಂತರ ಇಟ್ಟಿದ್ದಳು. ಅಕ್ಷರ ಚಿಕ್ಕದು ಮಾಡೆಂಬ ಸಲಹೆಯನ್ನು ಪಾಲಿಸಿದ್ದರೆ ಒತ್ತುಗಳು ಇನ್ನಷ್ಟು ಚಿಕ್ಕವಾಗಿ ಅಗ್ಗದ ಕಾಗದದ ಮೇಲೆ ಮುಚ್ಚಿಹೋಗುತ್ತಿದ್ದವು. ಮಾಡಬೇಕಾದ್ದು ಸಾಲುಗಳನ್ನು ದೂರ ಸರಿಸುವುದು, ಅದಕ್ಕೆ ಜಾಗ ಬೇಕಾದರೆ ಮಾತು ಕಡಿಮೆ ಮಾಡುವುದು. ಡಿಸೈನ್ ವಿದ್ಯಾರ್ಥಿಗಳಿಗೆ ಈ ಕೊನೆಯದು ಹೊಳೆಯುವುದೇ ಇಲ್ಲ. ಬರಹವೆಂದರೆ ಮೇಲಿಂದ ಸುರಿದ ಮಳೆ, ಅದರಲ್ಲಿ ಒಂದು ಹನಿಯನ್ನೂ ತಾವು ಬೇಡವೆನ್ನುವಂತಿಲ್ಲ ಎಂದು ತಿಳಿದಿರುತ್ತಾರೆ.

ಕಂಪ್ಯೂಟರಿನ ಮಾತು ಬಂದದ್ದಕ್ಕೆ ಒಂದು ಮಾತು. ಪುಟವಿನ್ಯಾಸದ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಕಂಪೋಸರ್ ಆಯ್ಕೆ ಮಾಡದಿದ್ದರೆ ಯೂನಿಕೋಡ್ ಕನ್ನಡ ಈಗಲೂ ಚೆಲ್ಲಾಪಿಲ್ಲಿಯಾಗುತ್ತದೆ. ನಮ್ಮ ಎಷ್ಟೋ ಡಿಟಿಪಿ ಅಂಗಡಿಗಳು ಇವತ್ತಿಗೂ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳನ್ನೇ ನೆಚ್ಚಿಕೊಂಡಿರಲು ಇದೂ ಒಂದು ಕಾರಣ. ವಿದ್ಯಾರ್ಥಿಯ ಕೆಲಸವನ್ನು ಟೀಕಿಸುವವರು ತಪ್ಪು ಅವಳದೋ ಯಂತ್ರದ್ದೋ ಎಂದು ಒಂದು ಸಲ ನೋಡುವುದು ನ್ಯಾಯ.

ಚೆನ್ನೈ ಹುಡುಗನ ದೂರಿನಲ್ಲಿ ರಾಜಕೀಯದ ವಾಸನೆ ಇದೆಯೆಂದು ಅವಳಿಗೆ ಅನ್ನಿಸಿದರೆ ಅಚ್ಚರಿಯಿಲ್ಲ. ಎರಡೂ ರಾಜ್ಯಗಳಲ್ಲಿ ಬೋರ್ಡಿನ ಅಕ್ಷರ ಸೂಕ್ಷ್ಮ ವಿಷಯ. ತಮಿಳುನಾಡಿನ ಅಂಗಡಿ ಫಲಕಗಳಿಗೆ ತಮಿಳು, ಇಂಗ್ಲಿಷ್, ಇತರ ಭಾಷೆ 5:3:2 ಎಂಬ ಪ್ರಮಾಣವಿದೆ. ಕರ್ನಾಟಕದಲ್ಲಿ 2024ರ ತಿದ್ದುಪಡಿಯಿಂದ ಶೇ 60 ಕನ್ನಡ. ಟೇಪು ಹಿಡಿದು ಅಳೆಯಬಹುದಾದ ನಿಯಮಗಳು. ಆ ಶೇ 60ರೊಳಗೆ ಅಕ್ಷರ ಎಷ್ಟು ವಿಕಾರವಾಗಿದ್ದರೂ ಕಾನೂನಿಗೆ ಸಂಬಂಧವಿಲ್ಲ, ಬೆಂಗಳೂರಿನ ಯಾವ ರಸ್ತೆಯಲ್ಲಾದರೂ ತಲೆಯೆತ್ತಿ ನೋಡಿ. ಆದರೆ ಹುಡುಗನ ಕಣ್ಣು ಹೇಳಿದ್ದು ಅಳತೆಯ ಮಾತಲ್ಲ. ಎರಡೂ ಲಿಪಿಗೆ ಅವಳು ಒಂದೇ ಪಾಯಿಂಟು ಕೊಟ್ಟಿದ್ದಳು. ಅಂಕಿ ಒಂದೇ ಆದರೂ ಕಣ್ಣಿಗೆ ಒಂದೇ ಆಗುವುದಿಲ್ಲ. ಪ್ರತಿ ಫಾಂಟೂ ಒಳಗೆ ತನ್ನದೇ ಅಳತೆಯಲ್ಲಿ ಅಕ್ಷರ ಕೂರಿಸಿಕೊಂಡಿರುತ್ತದೆ. ಕೈಯಲ್ಲಿ ಪ್ರೀತಿಯಿಂದ ಬರೆದ ದಪ್ಪ ಕನ್ನಡದ ಪಕ್ಕದಲ್ಲಿ ತೆಳುವಾದ, ಫಾಂಟಿನಿಂದ ಎತ್ತಿಟ್ಟ ತಮಿಳು ನಿಜವಾಗಿಯೂ ಬಡವಾಗಿತ್ತು. ಓದಲು ಕಷ್ಟಪಡುವ ಭಾಷೆಗೆ ಅವಳು ತಿಂಗಳುಗಟ್ಟಲೆ ದುಡಿದು, ಸಲೀಸಾಗಿ ಓದುವ ಭಾಷೆಗೆ ಒಂದು ಗಂಟೆಯನ್ನೂ ಕೊಟ್ಟಿರಲಿಲ್ಲ. ದೂರು ಎಲ್ಲಿಂದಲೇ ಹುಟ್ಟಿರಲಿ, ತಲುಪಿದ ಜಾಗ ಸರಿ.

ನೀಲಿ ಮಾಡೆಂದವನನ್ನು ಬಿಟ್ಟುಬಿಡೋಣ. ಪ್ರೀತಿಯ ಗೆಳೆಯರಿಂದ ಟೀಕೆ ಬಯಸಬಾರದು. ಅವರು ನಮ್ಮನ್ನು ನೋಡುತ್ತಾರೆ, ಕೆಲಸವನ್ನಲ್ಲ.

*

ಕೈದಾಳದ ಜಕಣಾಚಾರಿಯ ಕಥೆಯನ್ನು ನಾವು ಪ್ರಾಥಮಿಕ ಶಾಲೆಯಲ್ಲಿ ಕಲಿತದ್ದು ಮಗ ತಂದೆಯನ್ನು ಮೀರಿಸಿದ ಪವಾಡವಾಗಿ. ಬೇಲೂರಿನಲ್ಲಿ ಮೂರ್ತಿ ಕೆತ್ತಿ ನಿಲ್ಲಿಸಿದ ಹೆಸರಾಂತ ಶಿಲ್ಪಿಗೆ ಪರವೂರಿನ ಎಳೆಯನೊಬ್ಬ ಈ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆಂದು ಹಿರಿಯ ಪಣ ತೊಡುತ್ತಾನೆ. ಮೂರ್ತಿಗೆಲ್ಲ ಗಂಧ ಬಳಿಯುತ್ತಾರೆ. ಮೈಯೆಲ್ಲ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿ ಉಳಿಯುತ್ತದೆ. ಅಲ್ಲಿ ಉಳಿ ತಾಗಿಸಿದರೆ ನೀರು, ಮರಳು, ಒಂದು ಕಪ್ಪೆ. ಆ ಎಳೆಯನೇ ಡಂಕಣಾಚಾರಿ, ತಾನು ಬಿಟ್ಟು ಬಂದ ಮಗ ಎಂದು ಆಮೇಲೆ ತಿಳಿಯುತ್ತದೆ. ಇತಿಹಾಸ ಈ ಕಥೆಗೆ ಸಾಕ್ಷಿ ಹೇಳುವುದಿಲ್ಲ. ಕಥೆಯ ಆ ಮೂರ್ತಿಯನ್ನು, ಕಪ್ಪೆ ಚೆನ್ನಿಗರಾಯನನ್ನು, ಪ್ರತಿಷ್ಠಾಪಿಸಿದವಳು ಶಾಂತಲಾದೇವಿ. ಬೇಲೂರಿನ ವಿಗ್ರಹಗಳ ಪೀಠದಲ್ಲಿ ಸಿಗುವ ಹೆಸರುಗಳು ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದವರವು. ಅವರು ತಮಗೆ ತಾವೇ ಹಾಕಿಕೊಂಡ ಬಿರುದುಗಳು ಬಲು ಜೋರು. ಎದುರಾಳಿ ರೂವಾರಿಗಳೆಂಬ ಮನ್ಮಥನಿಗೆ ತಾನು ಶಿವ ಎನ್ನುವ ಧಾಟಿಯವು. ಸಹೋದ್ಯೋಗಿಗಳ ಟೀಕೆಗೆ 12ನೇ ಶತಮಾನದ ರೂವಾರಿ ಕೊಡುತ್ತಿದ್ದ ಉತ್ತರದ ಧ್ವನಿ ಇದರಲ್ಲಿ ಕೇಳಿಸುತ್ತದೆ.

ಕಥೆಯಲ್ಲಿ ನನಗೆ ಕಪ್ಪೆಗಿಂತ ಗಂಧ ಮುಖ್ಯ. ದೋಷ ಇದೆ, ಇಲ್ಲ ಎಂಬ ವಾಗ್ವಾದವನ್ನು ಯಾರೋ ನಿಲ್ಲಿಸಿ ಮೂರ್ತಿಗೆ ಲೇಪ ಹಚ್ಚಿದರು. ಆಮೇಲೆ ಯಾರೂ ಯಾರನ್ನೂ ಒಪ್ಪಿಸಬೇಕಾಗಲಿಲ್ಲ, ಕಲ್ಲೇ ತೋರಿಸಿತು. ದೋಷ ಹೊಕ್ಕುಳ ಬಳಿ ಮಾತ್ರ ಇದ್ದರೂ ಲೇಪವನ್ನು ಇಡೀ ಮೈಗೆ ಹಚ್ಚಿದ್ದು ಅದರಲ್ಲಿನ ಜಾಣ್ಮೆ. ಕ್ಲಾಸಿನ ಕೆಲಸಕ್ಕೂ ಲೇಪಗಳಿವೆ. ಪೋಸ್ಟರನ್ನು ತಲೆಕೆಳಗಾಗಿ ತಿರುಗಿಸಿ ನೋಡುವುದು, ಅಂಗೈಯಷ್ಟಕ್ಕೆ ಕುಗ್ಗಿಸಿ ಹತ್ತು ಹೆಜ್ಜೆ ದೂರ ನಿಲ್ಲುವುದು, ಕಣ್ಣು ಕಿರಿದು ಮಾಡಿ ಮಸುಕಾಗಿಸಿಕೊಳ್ಳುವುದು, ಕಪ್ಪುಬಿಳುಪಿನಲ್ಲಿ ಅಗ್ಗದ ಕಾಗದಕ್ಕೆ ಜೆರಾಕ್ಸ್ ಮಾಡಿಸುವುದು, ಯಾರಾದರೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುವುದು. ಹಾವೇರಿಯವನೂ ಕೊಚ್ಚಿಯವಳೂ ಹೇಳಿದ್ದು ನಿಜವೋ ಎಂದು ವಾದಿಸದೆ ಹತ್ತು ನಿಮಿಷದಲ್ಲಿ ತಿಳಿಯಬಹುದು.

ಜಕಣಾಚಾರಿ ಮಾಡಿದ ತಪ್ಪು ಕೈಯನ್ನು ಪಣಕ್ಕಿಟ್ಟದ್ದು. ಕೆಲಸದಲ್ಲಿ ಹುಳುಕಿದ್ದರೆ ಅದು ಕೆಲಸದ ಹುಳುಕು. ಅದಕ್ಕೆ ಕೈ ಯಾಕೆ ಕಡಿಯಬೇಕು? ಆದರೂ ಪ್ರತಿ ಜ್ಯೂರಿಯ ದಿನ ಹಾಸ್ಟೆಲಿನ ಸ್ನಾನದಮನೆಗಳಲ್ಲಿ ಅತ್ತು ಕಣ್ಣು ಕೆಂಪು ಮಾಡಿಕೊಳ್ಳುವ ಮಕ್ಕಳೆಲ್ಲ ಹೀಗೆ ಪಣ ಒಡ್ಡಿದವರೇ.

ವಿದ್ಯಾರ್ಥಿಯ ಕೆಲಸಕ್ಕೆ ತೀರ್ಪು ಕೊಡುವ ‘ಜ್ಯೂರಿ’ ಎಂಬ ಈ ಪದ್ಧತಿಯೇ ಹಾಗಿದೆ. ಪ್ಯಾರಿಸಿನ ಬೋಜಾರ್ ಶಾಲೆಯಲ್ಲಿ ವಿದ್ಯಾರ್ಥಿಗಳ ನಕ್ಷೆಗಳನ್ನು ಗಾಡಿಯಲ್ಲಿ ಸಂಗ್ರಹಿಸಿ ಒಯ್ದು, ಮುಚ್ಚಿದ ಬಾಗಿಲ ಹಿಂದೆ ತೀರ್ಪು ಕೊಡುತ್ತಿದ್ದರು. ಬಾಗಿಲು ತೆರೆದು, ವಿದ್ಯಾರ್ಥಿ ಎದುರಲ್ಲಿ ನಿಂತು ಕೇಳುವ ಪದ್ಧತಿ ಆಮೇಲಿನದು. ಚಾರ್ಲ್ಸ್ ಮತ್ತು ರೇ ಈಮ್ಸ್ ಅವರ 1958ರ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು. 1969ರಲ್ಲಿ ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್, 1996ರಲ್ಲಿ ಬೆಂಗಳೂರಿನ ಸೃಷ್ಟಿ. ಶಾಲೆಗಳು ಬಂದಂತೆ ಜ್ಯೂರಿಯೂ ಬಂತು, ಹೆಸರಿನಲ್ಲೇ ಕೋರ್ಟನ್ನು ಹೊತ್ತುಕೊಂಡು. ಆರೋಪಿಯ ಜಾಗದಲ್ಲಿ ನಿಂತವರು ಸಮರ್ಥನೆಯನ್ನಲ್ಲದೆ ಇನ್ನೇನು ಮಾಡಿಯಾರು?

ಅದರ ಮೇಲೆ ಭಾಷೆ. ನಮ್ಮ ಡಿಸೈನ್ ಶಾಲೆಗಳ ಟೀಕೆ ನಡೆಯುವುದು ಇಂಗ್ಲಿಷಿನಲ್ಲಿ, ಅದೂ ಒಂದು ವರ್ಗದ ಇಂಗ್ಲಿಷಿನಲ್ಲಿ. ಧರ್ಮಪುರಿ, ಯಾದಗಿರಿ, ಚಾಮರಾಜನಗರದಿಂದ ಬಂದ ವಿದ್ಯಾರ್ಥಿ ಸುಮ್ಮನಿದ್ದರೆ ಟೀಕೆ ಒಪ್ಪಿಕೊಂಡಳೆಂದು ಗುಂಪು ತಿಳಿಯುತ್ತದೆ, ಅಥವಾ ಹೇಳಲು ಏನೂ ಇಲ್ಲವೆಂದು. ಮಾತು ಹುಡುಕುತ್ತಿದ್ದಾಳೆಂದು ಯಾರೂ ತಿಳಿಯುವುದಿಲ್ಲ. ಚೆನ್ನಾಗಿ ಮಾತಾಡುವವರ ಸಾಧಾರಣ ಕೆಲಸ ಗೆಲ್ಲುವುದನ್ನೂ ಮಾತು ಬಾರದವರ ಒಳ್ಳೆಯ ಕೆಲಸ ಪೆಟ್ಟು ತಿನ್ನುವುದನ್ನೂ ಕಂಡಿದ್ದೇನೆ. ಕೆಲವು ಮೇಷ್ಟರು ಈಗ ಚೀಟಿಯಲ್ಲಿ ಬರೆದು ಅಂಟಿಸಿ, ಯಾವ ಭಾಷೆಯಲ್ಲಾದರೂ ಬರೆಯಿರಿ ಎನ್ನುತ್ತಾರೆ. ಇದರಿಂದ ಎಲ್ಲ ಸರಿಹೋಗುವುದಿಲ್ಲ, ಆದರೆ ಉತ್ತರ ಕೊಡುವ ಆತುರ ತಪ್ಪುತ್ತದೆ. ಚೀಟಿಗಳನ್ನು ಕೋಣೆಗೆ ಒಯ್ದು, ಊಟ ಮಾಡಿ, ಮಲಗೆದ್ದು ಓದಿದರೆ ಹಿಂದಿನ ದಿನ ಅವಮಾನದಂತೆ ಕೇಳಿಸಿದ್ದು ಮರುದಿನ ಬರೀ ಮಾಹಿತಿಯಾಗಿರುತ್ತದೆ.

ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲೆರ್ಮನ್ 1990ರಲ್ಲಿ ರೂಪಿಸಿದ ಒಂದು ಕ್ರಮ ಹಲವು ಕಲಾಶಾಲೆಗಳಲ್ಲಿ ಬಳಕೆಯಲ್ಲಿದೆ. ಮೊದಲು ನೋಡಿದವರು ತಮ್ಮನ್ನು ತಟ್ಟಿದ್ದು ಏನೆಂದು ಹೇಳುತ್ತಾರೆ. ಆಮೇಲೆ ಪ್ರಶ್ನೆ ಕೇಳುವ ಸರದಿ ಕೆಲಸ ಮಾಡಿದವರದು. ನಂತರ ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳಬಹುದು. ಅಭಿಪ್ರಾಯ ಕೊನೆಗೆ, ಅದೂ ಅನುಮತಿ ಕೇಳಿ. ಸ್ವಲ್ಪ ಪೂಜಾವಿಧಿಯಂತೆ ಕಾಣುತ್ತದೆ, ನಮ್ಮ ಹುಡುಗರು ಮೊದಲ ದಿನ ನಗುತ್ತಾರೆ. ಆದರೆ ಎರಡನೇ ಹಂತದಲ್ಲಿ ಹುರುಳಿದೆ. ನಮ್ಮ ಹುಡುಗಿ ‘ಹೇಗಿದೆ?’ ಎಂದು ಗೋಡೆಗೆ ಬೆನ್ನು ಕೊಟ್ಟು ಕಾಯುವ ಬದಲು ‘ಹತ್ತು ಹೆಜ್ಜೆ ದೂರದಿಂದ ಯಾವ ಶಬ್ದ ಮೊದಲು ಕಂಡಿತು?’ ಎಂದು ಕೇಳಿದ್ದರೆ, ಉತ್ತರಿಸುವವರು ಯಾರೂ ನೀಲಿಬಣ್ಣದ ಸುದ್ದಿ ಎತ್ತುತ್ತಿರಲಿಲ್ಲ.

*

ಎಲ್ಲ ಟೀಕೆಗೂ ತಲೆಬಾಗಿದರೆ ಉಳಿಯುವುದೇನು ಎಂಬ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ನನಗೆ ನೆನಪಾಗುವ ವಿದ್ಯಾರ್ಥಿನಿ ಮಾಯಾ ಲಿನ್. ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಮಾರಕ ವಾಸ್ತುವಿನ ತರಗತಿಗೆಂದು ಮಾಡಿದ ಕೆಲಸವನ್ನೇ ವಾಷಿಂಗ್ಟನ್ನಿನ ವಿಯೆಟ್ನಾಂ ಯುದ್ಧ ಸ್ಮಾರಕದ ಸ್ಪರ್ಧೆಗೆ ಕಳಿಸಿದಳು. 1981ರಲ್ಲಿ 1,421 ಪ್ರವೇಶಗಳ ನಡುವೆ 21 ವರ್ಷದ ಅವಳದು ಆಯ್ಕೆಯಾಯಿತು. ಸತ್ತವರ ಹೆಸರು ಕೆತ್ತಿದ, ನೆಲದೊಳಗೆ ಇಳಿಯುವ ಕಪ್ಪು ಕಲ್ಲಿನ ಗೋಡೆ ಅದು. ತರಗತಿಯಲ್ಲಿ ಅದಕ್ಕೆ ಸಿಕ್ಕಿದ್ದು ‘ಬಿ’. ಆಯ್ಕೆಯ ಬಳಿಕ ಬಂದ ಟೀಕೆ ಕ್ಲಾಸಿನದಕ್ಕಿಂತ ಸಾವಿರ ಪಾಲು ಕ್ರೂರ. ಕಪ್ಪು ಕಲ್ಲು ಅವಮಾನ ಎಂದರು, ನೆಲದೊಳಗೆ ಇಳಿದದ್ದು ಸೋಲಿನ ಸಂಕೇತ ಎಂದರು, ಅವಳ ಚೀನೀ ಮೂಲವನ್ನೂ ಎತ್ತಿದರು.

ಅವುಗಳ ನಡುವೆ ಒಂದು ಆಕ್ಷೇಪಣೆಯಲ್ಲಿ ಮಾತ್ರ ವಿವೇಕವಿತ್ತು. 57 ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಸತ್ತ ದಿನಾಂಕದ ಕ್ರಮದಲ್ಲಿ ಕೆತ್ತಿದರೆ ತಾಯಿಯೊಬ್ಬಳು ಮಗನ ಹೆಸರನ್ನು ಹುಡುಕುವುದು ಹೇಗೆ? ಅಕಾರಾದಿಯಲ್ಲಿ ಕೆತ್ತಿ ಎಂಬುದು ಸಲಹೆ. ತೊಂದರೆ ನಿಜವಾದದ್ದು. ಆದರೆ ಸ್ಮಿತ್ ಎಂಬ ಹೆಸರಿನವರೇ ನೂರಾರು ಜನ. ಅಕಾರಾದಿಯಲ್ಲಿಟ್ಟರೆ ಗೋಡೆ ಟೆಲಿಫೋನ್ ಡೈರೆಕ್ಟರಿಯಾಗುತ್ತಿತ್ತು, ಒಂದೇ ದಿನ ಒಟ್ಟಿಗೆ ಸತ್ತವರು ಬೇರೆ ಬೇರೆ ಮೂಲೆ ಸೇರುತ್ತಿದ್ದರು. ಲಿನ್ ದಿನಾಂಕದ ಕ್ರಮ ಬಿಡಲಿಲ್ಲ. ಅಕಾರಾದಿಯ ಪಟ್ಟಿ ಗೋಡೆಯ ಬಳಿ ಪುಸ್ತಕವಾಗಿ ಬಂತು, ಪ್ರತಿ ಹೆಸರಿನ ಮುಂದೆ ಅದು ಯಾವ ಫಲಕದ ಎಷ್ಟನೇ ಸಾಲಿನಲ್ಲಿದೆ ಎಂಬ ಗುರುತಿನೊಂದಿಗೆ. ಟೀಕೆ ತೋರಿಸಿದ ತೊಂದರೆ ಬಗೆಹರಿಯಿತು, ಟೀಕೆ ಹೇಳಿದ ಪರಿಹಾರಕ್ಕೆ ಗೋಡೆಯ ಮೇಲೆ ಜಾಗ ಸಿಗಲಿಲ್ಲ. ಟೀಕೆಗೆ ಉತ್ತರಿಸುವುದರ ಬಗ್ಗೆ ನಾನು ಬಲ್ಲ ಅತ್ಯುತ್ತಮ ಪಾಠ ಆ ಪುಸ್ತಕ. ಬಣ್ಣದ ವಿಷಯದಲ್ಲಿ ಅವಳು ಕದಲಲಿಲ್ಲ. ವಿರೋಧಿಗಳ ಒತ್ತಾಯಕ್ಕೆ ಸೇರಿಸಿದ ಮೂವರು ಸೈನಿಕರ ಕಂಚಿನ ಪ್ರತಿಮೆ 1984ರಲ್ಲಿ ಗೋಡೆಯಿಂದ ಒಂದಿಷ್ಟು ದೂರದಲ್ಲಿ ನಿಂತಿತು.

ಹತ್ತಿರದ ಉದಾಹರಣೆಯೂ ಇದೆ. ರೂಪಾಯಿ ಚಿಹ್ನೆ 2010ರ ಜುಲೈ 15ರಂದು ಅಂಗೀಕಾರವಾದಾಗ ಅದನ್ನು ರಚಿಸಿದ ಡಿ. ಉದಯ ಕುಮಾರ್ ಐಐಟಿ ಬಾಂಬೆಯ ಸಂಶೋಧನಾ ವಿದ್ಯಾರ್ಥಿ. ತಮಿಳುನಾಡಿನವರು, ತಮಿಳು ಅಕ್ಷರವಿನ್ಯಾಸದ ಮೇಲೆ ಕೆಲಸ ಮಾಡಿದವರು. 2025ರ ಮಾರ್ಚಿನಲ್ಲಿ ತಮಿಳುನಾಡು ಸರ್ಕಾರ ತನ್ನ ಬಜೆಟ್ ಲಾಂಛನದಲ್ಲಿ ಆ ಚಿಹ್ನೆ ಬಿಟ್ಟು ತಮಿಳಿನ ‘ರೂ’ ಅಕ್ಷರ ಹಾಕಿತು. ಟಿವಿಯವರು ಉದಯ ಕುಮಾರ್ ಬಾಯಿಂದ ಕಿಡಿ ಹಾರಿಸಲು ಮೈಕು ಹಿಡಿದು ಓಡಿದರು. ಎಲ್ಲ ವಿನ್ಯಾಸವೂ ಎಲ್ಲರಿಗೂ ಮೆಚ್ಚುಗೆಯಾಗುವುದಿಲ್ಲ, ಟೀಕೆ ಬರುತ್ತದೆ, ವಿನ್ಯಾಸಕಾರ ಅದರಿಂದ ಕಲಿತು ಮುಂದೆ ಹೋಗುತ್ತಾನೆ, ಇದನ್ನು ತನಗಾದ ಅಗೌರವವೆಂದು ತಿಳಿಯುವುದಿಲ್ಲ ಎಂಬರ್ಥದ ಮಾತು ಹೇಳಿ ಮುಗಿಸಿದರು. ಚರ್ಚೆಗೆ ಕೂತವರಿಗೆ ಭಾರೀ ನಿರಾಸೆಯಾಗಿರಬೇಕು.

ನಮ್ಮ ಹುಡುಗಿ ಎರಡನೇ ಸುತ್ತಿಗೆ ತಂದ ಹಾಳೆಗಳಲ್ಲಿ ಊರಿನ ಹೆಸರು ಬಿಡಿಯಾಗಿ ನಿಂತಿದೆ. ಕನ್ನಡದ ಸಾಲುಗಳು ದೂರ ಸರಿದಿವೆ, ಅದಕ್ಕಾಗಿ ಅದಿಯಮಾನನ ವಂಶಾವಳಿಯ ಒಂದು ಪ್ಯಾರಾ ಹೋಗಿದೆ. ತಮಿಳಿನ ಶೀರ್ಷಿಕೆಯನ್ನೂ ಅದೇ ಉಳಿಯ ನಡೆಯಲ್ಲಿ ಕೈಯಿಂದ ಬರೆದಿದ್ದಾಳೆ, ಕನ್ನಡದ ಪಕ್ಕದಲ್ಲಿ ಅದು ಈಗ ಸರಿಜೋಡಿ. ಶಾಸನದ ‘ಅ’ಕಾರವನ್ನು ಮಾತ್ರ ಹಠ ಹಿಡಿದು ಹಾಗೆಯೇ ಉಳಿಸಿಕೊಂಡಿದ್ದಾಳೆ, ಮುಂದಿನ ಅಕ್ಷರಗಳ ಬಲದಿಂದ ಓದಿಕೊಳ್ಳುತ್ತಾರೆ ಎಂಬ ಲೆಕ್ಕ. ಹಾವೇರಿಯವನು ಒಂದು ಕ್ಷಣ ನಿಂತು ಓದಿದ. ಆ ಒಂದು ಕ್ಷಣ ಜಾಸ್ತಿಯಾಯಿತೋ ಇಲ್ಲವೋ ಎಂಬ ಬಗ್ಗೆ ಅವರಿಬ್ಬರೂ ಇನ್ನೂ ಜಗಳವಾಡುತ್ತಿದ್ದಾರೆ, ಆಡಲಿ.

ಹಾಳೆಗಳನ್ನು ಅವಳು ರಜೆಗೆ ಊರಿಗೆ ಒಯ್ದು, ಭೈರವನ ಗುಡಿಯ ಹೊರಗೆ ಬೂದುಗುಂಬಳ ಮಾರುವ ಹೆಂಗಸಿನ ಅಂಗಡಿಯ ಕಂಬಕ್ಕೆ ಕ್ಲಿಪ್ಪು ಹಾಕಿ ತೂಗುಬಿಡುತ್ತಾಳೆ. ಆ ತಾಯಿ ತಮಿಳನ್ನು ಓದಿ, ಕನ್ನಡದತ್ತ ಒಮ್ಮೆ ಕಣ್ಣಾಡಿಸಿ, ಗಿರಾಕಿಗೆ ಚಿಲ್ಲರೆ ಎಣಿಸಿಕೊಟ್ಟು ಹೇಳುತ್ತಾಳೆ: ‘ಎಲ್ಲಾ ಸರಿ ಕಣಮ್ಮಾ. ಅಷ್ಟಮಿ ದಿನ ವಾಪಸ್ ಹೋಗೋ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ಹಾಕಿಲ್ವಲ್ಲ? ಬಂದವರೆಲ್ಲ ನನ್ನೇ ಕೇಳ್ತಾರೆ.’